ಅನ್ನನಾಳದ ಕ್ಯಾನ್ಸರ್: ಐದು ವರ್ಷದ ಲೆಕ್ಕ

ಅನ್ನನಾಳದ ಒಳಗನ್ನು ನೋಡಲು ವೈದ್ಯರಿಗೆ ಮೊದಮೊದಲು ನೆರವಾದವನು ಕತ್ತಿ ನುಂಗುವ ಒಬ್ಬ ಆಟಗಾರ. 1868ರಲ್ಲಿ ಜರ್ಮನಿಯ ಫ್ರೈಬರ್ಗ್ ನಗರದಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯ ಲೋಹದ ನೆಟ್ಟನೆಯ ಕೊಳವೆಯೊಂದನ್ನು ಅವನ ಗಂಟಲೊಳಗೆ ಇಳಿಸಿ, ದೀಪದ ಬೆಳಕಿನಲ್ಲಿ ಇಣುಕಿ ನೋಡಿದ. ಬೆಳಕು ಸಾಲಲಿಲ್ಲ, ಹೆಚ್ಚೇನೂ ಕಾಣಲಿಲ್ಲ. ಆದರೆ ಬಾಯಿಂದ ಜಠರದವರೆಗೆ ನೇರ ಕೊಳವೆಯನ್ನು ಇಳಿಸಬಹುದು ಎಂಬುದು ಖಚಿತವಾಯಿತು. ಅರ್ಧ ಶತಮಾನ ಕಳೆಯುವ ಮೊದಲೇ ಅದೇ ದಾರಿಯಲ್ಲಿ ರೇಡಿಯಂ ಕೂಡ ಇಳಿಯಿತು.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅದರ ಹಿಂದೆ ಬೆನ್ನುಮೂಳೆ, ಮುಂದೆ ಶ್ವಾಸನಾಳ ಮತ್ತು ಹೃದಯ, ಎರಡೂ ಪಕ್ಕದಲ್ಲಿ ಶ್ವಾಸಕೋಶಗಳು. ಕೊಳವೆ ಹಿಗ್ಗುವಂಥದ್ದಾದ್ದರಿಂದ ಒಳಗೆ ಗಂತಿ ಬೆಳೆಯುತ್ತಿದ್ದರೂ ಬಹುಕಾಲ ತಿಳಿಯುವುದಿಲ್ಲ. ಮೊದಲು ರೊಟ್ಟಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅನ್ನ, ಕೊನೆಗೆ ಗಂಜಿಯೂ ಇಳಿಯದು. ರೋಗಿ ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ರೋಗ ಅನೇಕ ವೇಳೆ ಹತ್ತಿರದ ದುಗ್ಧಗ್ರಂಥಿಗಳಿಗೆ ಹಬ್ಬಿರುತ್ತದೆ. ಈ ಕ್ಯಾನ್ಸರಿನಲ್ಲಿ ಬದುಕುಳಿದವರ ಸಂಖ್ಯೆ ಬಹುಕಾಲ ತೀರ ಕಡಿಮೆ ಇದ್ದುದಕ್ಕೆ ಇದೇ ದೊಡ್ಡ ಕಾರಣ.

ರೇಡಿಯಂ ಇಳಿದ ದಾರಿ

ರಾಂಟ್‌ಜನ್ ಕ್ಷ-ಕಿರಣವನ್ನು ಕಂಡದ್ದು 1895ರಲ್ಲಿ, ಕ್ಯೂರಿ ದಂಪತಿಗಳು ರೇಡಿಯಂ ಕಂಡದ್ದು 1898ರಲ್ಲಿ. ಹತ್ತು ಹನ್ನೆರಡು ವರ್ಷಗಳಲ್ಲೇ ಯೂರೋಪಿನ ವೈದ್ಯರು ರೇಡಿಯಂ ತುಂಬಿದ ಸಣ್ಣ ಕೊಳವೆಯನ್ನು ಅನ್ನನಾಳಕ್ಕೆ ಇಳಿಸಿ ಗಂತಿಯ ಪಕ್ಕದಲ್ಲಿ ಇರಿಸತೊಡಗಿದರು. ಪ್ಯಾರಿಸಿನ ಗಿಸೆ ಎಂಬ ವೈದ್ಯ 1909ರಲ್ಲೇ ಇಂಥ ಪ್ರಯೋಗಗಳ ವರದಿ ಕೊಟ್ಟಿದ್ದ. ಗಂತಿ ಕುಗ್ಗುತ್ತಿತ್ತು, ನುಂಗಲಾಗದವರು ನುಂಗುತ್ತಿದ್ದರು. ಆದರೆ ರೇಡಿಯಂನ ಪ್ರಭಾವ ಕೆಲವೇ ಮಿಲಿಮೀಟರ್ ಆಚೆಗೆ ಬೇಗ ಕ್ಷೀಣಿಸುತ್ತದೆ. ಗೋಡೆ ದಾಟಿ ಹೋದ ರೋಗ ಅದಕ್ಕೆ ಸಿಗುತ್ತಿರಲಿಲ್ಲ. ಹೊರಗಿನಿಂದ ಬಿಡುತ್ತಿದ್ದ ಅಂದಿನ ಕ್ಷ-ಕಿರಣಕ್ಕೂ ಬಲ ಸಾಲದು. ಎದೆಯ ಆಳಕ್ಕೆ ತಲುಪುವ ಮೊದಲು ಅದು ಚರ್ಮವನ್ನೇ ಸುಡುತ್ತಿತ್ತು.

ಶಸ್ತ್ರಕ್ರಿಯೆಯ ದಾರಿಯೂ ಸುಗಮವಾಗಿರಲಿಲ್ಲ. 1913ರಲ್ಲಿ ನ್ಯೂಯಾರ್ಕಿನ ಫ್ರಾನ್ಜ್ ಟೋರೆಕ್ ಮಹಿಳೆಯೊಬ್ಬರ ಎದೆಯನ್ನು ತೆರೆದು ರೋಗದ ಭಾಗವನ್ನು ಕತ್ತರಿಸಿ ತೆಗೆದ. ಮೇಲಿನ ತುದಿಯನ್ನೂ ಜಠರವನ್ನೂ ಕೂಡಿಸಲಾಗದೆ, ದೇಹದ ಹೊರಗೇ ಒಂದು ರಬ್ಬರ್ ಕೊಳವೆ ಜೋಡಿಸಿದ. ಆಕೆ ಆ ಕೊಳವೆಯ ಮೂಲಕವೇ ಉಂಡು ಹತ್ತಕ್ಕೂ ಹೆಚ್ಚು ವರ್ಷ ಬದುಕಿದರು. ಆದರೆ ಅಂಥ ಯಶಸ್ಸು ಬಹುಕಾಲ ಮರಳಿ ಸಿಗಲಿಲ್ಲ.

ಬಲವಾದ ಕಿರಣ ಬಂದದ್ದು ಎರಡನೆಯ ಮಹಾಯುದ್ಧದ ನಂತರ. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರ ಮೊದಲ ರೋಗಿಗೆ ಚಿಕಿತ್ಸೆ ನೀಡಿತು. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಲೀನಿಯರ್ ಆಕ್ಸಿಲರೇಟರ್ ಕೆಲಸ ಆರಂಭಿಸಿತು. ಚರ್ಮವನ್ನು ಸುಡದೆ ಎದೆಯ ಆಳಕ್ಕೆ ಕಿರಣ ಕಳಿಸುವುದು ಈಗ ಸಾಧ್ಯವಾಯಿತು. ಎಡಿನ್‌ಬರೋದ ಪಿಯರ್‌ಸನ್ ಎಂಬ ತಜ್ಞ 1969ರಲ್ಲಿ ಪ್ರಕಟಿಸಿದ ಅಂಕಿಗಳು ಎಲ್ಲರ ಹುಬ್ಬೇರಿಸಿದವು: ಪೂರ್ಣ ಪ್ರಮಾಣದ ವಿಕಿರಣ ಪಡೆದವರಲ್ಲಿ ಸುಮಾರು ಶೇಕಡ 20ರಷ್ಟು ಮಂದಿ ಐದು ವರ್ಷ ಬದುಕಿದ್ದರು. ಶಸ್ತ್ರವಿಲ್ಲದೆಯೇ ರೋಗ ಗೆಲ್ಲಬಹುದೆಂಬ ಆಸೆ ಹುಟ್ಟಿತು.

ನೂರರಲ್ಲಿ ಆರು

ಆ ಆಸೆಯನ್ನು ಒರೆಗೆ ಹಚ್ಚಿದವರು ಲಂಡನ್ನಿನ ಶಸ್ತ್ರವೈದ್ಯ ರಿಚರ್ಡ್ ಅರ್ಲಮ್ ಮತ್ತು ಬ್ರೆಜಿಲ್‌ನ ಕುನ್ಯಾ-ಮೆಲೊ. ಸುಮಾರು ಕಾಲು ಶತಮಾನದಲ್ಲಿ ಪ್ರಪಂಚದ ನಾನಾ ಕಡೆ ಪ್ರಕಟವಾಗಿದ್ದ ವರದಿಗಳನ್ನು ಕೂಡಿಸಿ ಅವರು 1980ರಲ್ಲಿ ಎರಡು ಲೇಖನಗಳನ್ನು ಬರೆದರು. ವಿಕಿರಣ ಚಿಕಿತ್ಸೆಯ 49 ವರದಿಗಳಲ್ಲಿ 8,489 ರೋಗಿಗಳಿದ್ದರು. ಅವರಲ್ಲಿ ಒಂದು ವರ್ಷ ಬದುಕಿದವರು ಶೇಕಡ 18, ಎರಡು ವರ್ಷ ಬದುಕಿದವರು ಶೇಕಡ 8, ಐದು ವರ್ಷ ಬದುಕಿದವರು ಶೇಕಡ 6. ಶಸ್ತ್ರಕ್ರಿಯೆಯ ಲೆಕ್ಕವೂ ಇದಕ್ಕಿಂತ ಮೇಲಿರಲಿಲ್ಲ: ನೂರು ರೋಗಿಗಳಲ್ಲಿ ಐದು ವರ್ಷ ಮುಟ್ಟಿದವರು ನಾಲ್ವರು ಮಾತ್ರ.

ಹಾಗಾದರೆ ಎಡಿನ್‌ಬರೋದ ಇಪ್ಪತ್ತು ಎಲ್ಲಿ, ಈ ಆರು ಎಲ್ಲಿ? ಪಿಯರ್‌ಸನ್ ಸುಳ್ಳು ಹೇಳಿರಲಿಲ್ಲ. ಪೂರ್ಣ ಚಿಕಿತ್ಸೆ ತಾಳಬಲ್ಲವರು, ರೋಗ ಹೆಚ್ಚು ಹರಡದವರು ಅವನ ಲೆಕ್ಕದಲ್ಲಿದ್ದರು. ಅನೇಕ ಊರುಗಳಲ್ಲಿ ಇದಕ್ಕೆ ತಿರುಗುಮುರುಗು: ಶಸ್ತ್ರಕ್ರಿಯೆಗೆ ತಕ್ಕವರನ್ನು ಶಸ್ತ್ರವೈದ್ಯರು ಇಟ್ಟುಕೊಂಡು, ಕೈಮೀರಿದವರನ್ನು ವಿಕಿರಣ ವಿಭಾಗಕ್ಕೆ ಕಳಿಸುತ್ತಿದ್ದರು. ಯಾರನ್ನು ಎಣಿಸಿದರು ಎಂಬುದು ತಿಳಿಯದೆ ಎಷ್ಟು ಮಂದಿ ಬದುಕಿದರು ಎಂಬುದಕ್ಕೆ ಅರ್ಥವಿಲ್ಲ. ಎರಡು ಚಿಕಿತ್ಸೆಗಳನ್ನು ಸರಿಸಮವಾಗಿ ತೂಗಬೇಕಾದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಬೇಕು. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅಂಥ ಪರೀಕ್ಷೆ ಆರಂಭವಾಯಿತಾದರೂ ಸಾಕಷ್ಟು ರೋಗಿಗಳು ಸೇರದೆ ಅದನ್ನು ಕೈಬಿಡಬೇಕಾಯಿತು. ವೈದ್ಯರಿಗೆ ತಮ್ಮ ತಮ್ಮ ವಿದ್ಯೆಯಲ್ಲಿದ್ದ ನಂಬಿಕೆ ಚೀಟಿಗಿಂತ ದೊಡ್ಡದಾಗಿತ್ತು.

ಸೊನ್ನೆ ಮತ್ತು ಇಪ್ಪತ್ತಾರು

ಚೀಟಿಯ ಪರೀಕ್ಷೆ ನಡೆದದ್ದು ಅಮೆರಿಕದಲ್ಲಿ, ಬೇರೊಂದು ಪ್ರಶ್ನೆಯ ಮೇಲೆ. ವಿಕಿರಣದ ಜೊತೆಗೆ ಔಷಧಿಯನ್ನೂ ಕೊಟ್ಟರೆ ಏನಾಗುತ್ತದೆ? ಸಿಸ್‌ಪ್ಲಾಟಿನ್ ಮತ್ತು ಫ್ಲೂರೊಯುರಾಸಿಲ್ ಎಂಬ ಎರಡು ಔಷಧಿಗಳು ಕ್ಯಾನ್ಸರ್ ಜೀವಕೋಶ ವಿಕಿರಣದ ಪೆಟ್ಟಿನಿಂದ ಚೇತರಿಸಿಕೊಳ್ಳದಂತೆ ತಡೆಯುತ್ತವೆ. ದೂರ ಹರಡಿದ ಕಣ್ಣಿಗೆ ಕಾಣದ ಬೀಜಗಳನ್ನೂ ಹುಡುಕಿ ಹೋಗುತ್ತವೆ. ಒಂದು ಗುಂಪಿಗೆ ವಿಕಿರಣ ಮಾತ್ರ, 64 ಗ್ರೇ ಪ್ರಮಾಣದಲ್ಲಿ. ಇನ್ನೊಂದು ಗುಂಪಿಗೆ ವಿಕಿರಣ ಕಡಿಮೆ, 50 ಗ್ರೇ, ಜೊತೆಗೆ ಔಷಧಿ.

ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಚೀಟಿ ಎತ್ತುವುದನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. 1992ರಲ್ಲಿ ಹರ್ಸ್‌ಕೊವಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶದಲ್ಲಿ ಎರಡು ವರ್ಷ ಬದುಕಿದವರು ವಿಕಿರಣ ಮಾತ್ರ ಪಡೆದ ಗುಂಪಿನಲ್ಲಿ ಶೇಕಡ 10, ಔಷಧಿಯೂ ಸೇರಿದ ಗುಂಪಿನಲ್ಲಿ ಶೇಕಡ 38. 1999ರಲ್ಲಿ ಐದು ವರ್ಷದ ಲೆಕ್ಕ ಬಂತು. ಔಷಧಿ ಸೇರಿದ ಗುಂಪಿನಲ್ಲಿ ಶೇಕಡ 26 ಮಂದಿ ಬದುಕಿದ್ದರು. ವಿಕಿರಣ ಮಾತ್ರ ಪಡೆದ ಗುಂಪಿನಲ್ಲಿ ಒಬ್ಬರೂ ಉಳಿದಿರಲಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಇತ್ತು. ಔಷಧಿ ಸೇರಿದ ಗುಂಪಿನಲ್ಲಿ ಶೇಕಡ 20 ಮಂದಿಗೆ ಪ್ರಾಣಾಪಾಯದ ಅಡ್ಡ ಪರಿಣಾಮಗಳಾದವು. ಇನ್ನೊಂದು ಗುಂಪಿನಲ್ಲಿ ಶೇಕಡ 3. ಆದರೂ ಶಸ್ತ್ರವಿಲ್ಲದೆ ನಾಲ್ವರಲ್ಲಿ ಒಬ್ಬರು ಉಳಿಯಬಹುದು ಎಂಬುದು ಆ ರೋಗದ ಚರಿತ್ರೆಯಲ್ಲಿ ಹೊಸ ಮಾತು.

ಕಿರಣ ಹೆಚ್ಚಿಸಿದರೆ?

ಮುಂದಿನ ಪ್ರಶ್ನೆ ಸಹಜವಾಗಿತ್ತು. 50 ಗ್ರೇ ಇಷ್ಟು ಫಲ ಕೊಟ್ಟರೆ 65 ಗ್ರೇ ಇನ್ನಷ್ಟು ಕೊಡಬೇಡವೆ? ಅಮೆರಿಕದ ಮತ್ತೊಂದು ಪರೀಕ್ಷೆಯ ಉತ್ತರ 2002ರಲ್ಲಿ ಬಂತು: ಕೊಡಲಿಲ್ಲ. ಎರಡು ವರ್ಷ ಬದುಕಿದವರು ಹೆಚ್ಚು ಪ್ರಮಾಣದ ಗುಂಪಿನಲ್ಲಿ ಶೇಕಡ 31, ಕಡಿಮೆ ಪ್ರಮಾಣದ ಗುಂಪಿನಲ್ಲಿ ಶೇಕಡ 40. 2021ರಲ್ಲಿ ಡಚ್ ವೈದ್ಯರು ಹೊಸ ಯಂತ್ರಗಳಿಂದ ಮತ್ತೆ ಪರೀಕ್ಷಿಸಿದಾಗಲೂ ಹೆಚ್ಚಿನ ಪ್ರಮಾಣದಿಂದ ಲಾಭ ಕಾಣಲಿಲ್ಲ.

ಲಾಭ ಬಂದದ್ದು ಹಳೆಯ ಪ್ರತಿಸ್ಪರ್ಧಿಗಳು ಕೈಜೋಡಿಸಿದಾಗ. ನೆದರ್ಲೆಂಡ್ಸ್‌ನ ‘ಕ್ರಾಸ್’ ಪರೀಕ್ಷೆಯಲ್ಲಿ ಮೊದಲು 41.4 ಗ್ರೇ ವಿಕಿರಣ ಮತ್ತು ಔಷಧಿ, ಆಮೇಲೆ ಶಸ್ತ್ರಕ್ರಿಯೆ. 2012ರಲ್ಲಿ ಮೊದಲ ಫಲಿತಾಂಶ ಬಂತು. ಹತ್ತು ವರ್ಷದ ಲೆಕ್ಕದಲ್ಲಿ ಹೀಗೆ ಚಿಕಿತ್ಸೆ ಪಡೆದವರಲ್ಲಿ ಶೇಕಡ 38 ಮಂದಿ ಉಳಿದಿದ್ದರು. ಶಸ್ತ್ರಕ್ರಿಯೆ ಮಾತ್ರ ಆದವರಲ್ಲಿ ಶೇಕಡ 25. ಅನ್ನನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರಿನಲ್ಲಿ, ಶಸ್ತ್ರಕ್ರಿಯೆಯಲ್ಲಿ ತೆಗೆದ ಭಾಗವನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕ್ಯಾನ್ಸರ್ ಕೋಶವೇ ಉಳಿದಿರಲಿಲ್ಲ. ಹಾಗಾದರೆ ಕತ್ತರಿಸುವ ಅಗತ್ಯವಾದರೂ ಏನು? ಔಷಧಿ-ವಿಕಿರಣದಿಂದ ರೋಗ ಮಾಯವಾದವರನ್ನು ಕೂಡಲೇ ಕತ್ತರಿಸದೆ ಎಚ್ಚರಿಕೆಯಿಂದ ಕಾದು ನೋಡಿದ ಡಚ್ ಪರೀಕ್ಷೆಯೊಂದರ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಕೊನೆಗೆ ಕಾದವರಲ್ಲಿ ಶೇಕಡ 74, ಶಸ್ತ್ರಕ್ರಿಯೆಯಾದವರಲ್ಲಿ ಶೇಕಡ 71 ಮಂದಿ ಬದುಕಿದ್ದರು.

ಎಲ್ಲ ಬಗೆಯ ಅನ್ನನಾಳದ ಕ್ಯಾನ್ಸರಿಗೂ ಇದು ಸಲ್ಲದು. ಪಶ್ಚಿಮ ದೇಶಗಳಲ್ಲಿ ಹೆಚ್ಚಾಗಿ ಕಾಣುವುದು ಅನ್ನನಾಳದ ಕೆಳತುದಿಯ ಗ್ರಂಥಿಕೋಶಗಳ ಕ್ಯಾನ್ಸರ್. ಅದರಲ್ಲಿ ವಿಕಿರಣಕ್ಕಿಂತ, ಶಸ್ತ್ರಕ್ರಿಯೆಗೆ ಹಿಂದೆ ಮುಂದೆ ಔಷಧಿ ಮಾತ್ರ ಕೊಡುವುದೇ ಮೇಲೆಂದು ಜರ್ಮನಿಯ ಪರೀಕ್ಷೆಯೊಂದು 2025ರಲ್ಲಿ ತೋರಿಸಿತು. ಚಪ್ಪಟೆ ಕೋಶದ ಕ್ಯಾನ್ಸರಿನಲ್ಲಿ ವಿಕಿರಣದ ಸ್ಥಾನ ಇನ್ನೂ ಗಟ್ಟಿಯಾಗಿದೆ.

ಭಾರತದಲ್ಲಿ ಹೆಚ್ಚು ಕಾಣುವುದು ಈ ಚಪ್ಪಟೆ ಕೋಶದ ಬಗೆಯೇ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತ ಬಂದಿದೆ. ಅದರ ಪಟ್ಟಿಗಳಲ್ಲಿ ಅನ್ನನಾಳದ ಕ್ಯಾನ್ಸರ್ ಮುಂಚೂಣಿಯ ಸಾಲಿನಲ್ಲೇ ಕಾಣಿಸಿಕೊಂಡಿದೆ. ಬೀಡಿ-ಸಿಗರೇಟು, ಮದ್ಯ, ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆ ಇವು ಖಚಿತವಾಗಿ ಗೊತ್ತಿರುವ ಕಾರಣಗಳು.

ರೋಗ ಕೈಮೀರಿದವರಿಗೂ ವಿಕಿರಣದಿಂದ ಉಪಕಾರವುಂಟು. ಕಿರಣ ಸೂಸುವ ವಸ್ತುವನ್ನು ಅನ್ನನಾಳದೊಳಗೇ ಇಳಿಸಿ ಒಂದೇ ಸಲ 12 ಗ್ರೇ ಕೊಟ್ಟರೆ, ಲೋಹದ ಸ್ಟೆಂಟ್ ಕೂರಿಸುವುದಕ್ಕಿಂತ ಹೆಚ್ಚು ಕಾಲ ನುಂಗುವ ಶಕ್ತಿ ಉಳಿಯುತ್ತದೆಂದು 2004ರ ಡಚ್ ಪರೀಕ್ಷೆಯೊಂದು ತೋರಿಸಿತು. ಬೇಗ ಉಪಶಮನ ಕೊಡುವುದು ಮಾತ್ರ ಸ್ಟೆಂಟ್. ಗಿಸೆ ಪ್ಯಾರಿಸಿನಲ್ಲಿ ಮಾಡಿದ್ದೂ ಇದನ್ನೇ. ಆಗಲೂ ಈಗಲೂ ಆ ರೋಗಿಗೆ ಬೇಕಾದದ್ದು ಮೊದಲು ಎರಡು ತುತ್ತು ಅನ್ನ.

ನೂರರಲ್ಲಿ ಆರು, ಇಪ್ಪತ್ತಾರು, ಮೂವತ್ತೆಂಟು ಎಂಬ ಅಂಕಿಗಳು ಗುಂಪಿಗೆ ಸಂಬಂಧಿಸಿದವು. ಒಬ್ಬ ರೋಗಿ ಎಷ್ಟು ಕಾಲ ಬದುಕುತ್ತಾನೆಂದು ಅವು ಹೇಳಲಾರವು. ಆ ಅಂಕಿಗಳ ಮೇಲಿನ ತುದಿಯಲ್ಲಿ ಇರುವವರು ಬಹುಮಟ್ಟಿಗೆ ಬೇಗ ಬಂದವರು. ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿದಾಗ ನೀರು ಕುಡಿದು ಸುಮ್ಮನಾಗದೆ ವೈದ್ಯರ ಬಳಿಗೆ ಹೋಗುವುದರಿಂದ ಆಗುವ ಲಾಭವನ್ನು ಯಾವ ಯಂತ್ರವೂ ಆಮೇಲೆ ತುಂಬಿಕೊಡಲಾರದು.