ಪೀಠ, ಸೇನೆ ಮತ್ತು ಜನಮಾನ್ಯತೆ: ಘಾನಾದ ಒಂದು ನಿದರ್ಶನ

ವಸಾಹತುಶಾಹಿಯಿಂದ ಬಿಡುಗಡೆ ಹೊಂದಿದ ರಾಷ್ಟ್ರಗಳಲ್ಲಿ ಸೇನೆಯ ರಾಜಕೀಯ ಪ್ರವೇಶವನ್ನು ಸಾಮಾನ್ಯವಾಗಿ ಸಂವಿಧಾನ ಹಾಗೂ ಆರ್ಥಿಕತೆಯ ಚೌಕಟ್ಟಿನಲ್ಲಿ ವಿವೇಚಿಸಲಾಗುತ್ತದೆ. ಆದರೆ ಆಳುವವರನ್ನು ಜನರು ಯಾವ ಮಾನದಂಡದಿಂದ ಅಳೆದರು ಎಂಬುದನ್ನು ಅರಿಯಲು ಮೌಖಿಕ ಪರಂಪರೆಯೂ ಮುಖ್ಯ ಆಕರವಾಗುತ್ತದೆ. ಪಶ್ಚಿಮ ಆಫ್ರಿಕಾದ ಘಾನಾ ಇದಕ್ಕೊಂದು ನಿದರ್ಶನ.

1957ರಲ್ಲಿ ಸ್ವತಂತ್ರವಾದ ಘಾನಾ 1960ರಲ್ಲಿ ಗಣರಾಜ್ಯವಾಯಿತು. 1958ರ ಕಾಯಿದೆಯೊಂದು ವಿಚಾರಣೆಯಿಲ್ಲದ ಬಂಧನಕ್ಕೆ ಅವಕಾಶ ನೀಡಿತ್ತು. 1964ರ ಜನಮತಗಣನೆಯ ಬಳಿಕ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ದೇಶವನ್ನು ಏಕಪಕ್ಷ ರಾಷ್ಟ್ರವಾಗಿಸಿದರು. ಮತದ ಮೂಲಕ ಸರ್ಕಾರವನ್ನು ಬದಲಿಸುವ ದಾರಿ ಹೀಗೆ ಮುಚ್ಚಿತು. 1966ರ ಫೆಬ್ರವರಿ 24ರಂದು, ಎನ್‌ಕ್ರುಮಾ ವಿದೇಶ ಪ್ರವಾಸದಲ್ಲಿದ್ದಾಗ, ಸೇನೆ ಮತ್ತು ಪೊಲೀಸರು ಅಧಿಕಾರ ವಶಪಡಿಸಿಕೊಂಡರು. ರಾಜಧಾನಿ ಅಕ್ರಾದ ಬೀದಿಗಳಲ್ಲಿ ಜನ ಸಂಭ್ರಮಿಸಿದರು. ಹೊಸ ಆಡಳಿತವು ತನ್ನನ್ನು 'ರಾಷ್ಟ್ರೀಯ ವಿಮೋಚನಾ ಮಂಡಳಿ' ಎಂದು ಕರೆದುಕೊಂಡಿತು. ಆದರೆ ಹಳೆಯ ಆಳ್ವಿಕೆಯ ಪತನಕ್ಕೆ ದೊರೆತ ಸ್ವಾಗತವು ಹೊಸ ಆಳ್ವಿಕೆಗೆ ದೊರೆತ ಸಮ್ಮತಿಯಲ್ಲ.

ಈ ವ್ಯತ್ಯಾಸವನ್ನು ಗ್ರಹಿಸಲು ಅಲ್ಲಿನ ಅಕಾನ್ ಸಮುದಾಯಗಳ ಪೀಠಸಂಪ್ರದಾಯ ನೆರವಾಗುತ್ತದೆ. ಅಲ್ಲಿ ಒಡೆಯನಾಗುವುದೆಂದರೆ ಪೀಠವೇರುವುದು. ಕರ್ತವ್ಯಭ್ರಷ್ಟನಾದವನನ್ನು ಪೀಠದಿಂದ ಇಳಿಸುವ ಕ್ರಮವೂ ಉಂಟು. ಪೀಠ ವ್ಯಕ್ತಿಯದಲ್ಲ, ಸಮುದಾಯದ್ದು.

ಕುಳಿತುಕೊಳ್ಳುವಿಕೆಯ ಇದೇ ರೂಪಕ 1967ರಲ್ಲಿ ನಾನಾ ಆಂಪಾಡು ಅವರ 'ಎಬಿ ತೆ ಯಿಯೆ' ಎಂಬ ಹಾಡಿನಲ್ಲಿ ಕಾಣಿಸಿಕೊಂಡಿತು. ಕೆಲವರಷ್ಟೇ ಸುಖವಾಗಿ ಕುಳಿತಿದ್ದಾರೆ ಎಂಬುದು ಶೀರ್ಷಿಕೆಯ ಇಂಗಿತ. ಹಾಡಿನಲ್ಲಿರುವುದು ಪ್ರಾಣಿಕಥೆ: ಮೃಗಗಳ ಸಭೆಯಲ್ಲಿ ಪುಟ್ಟ ಹುಲ್ಲೆಯ ಹಿಂದೆ ಕುಳಿತ ಚಿರತೆ ಅದರ ಬಾಲವನ್ನು ಅದುಮಿ ಹಿಡಿದು ಮಾತನಾಡಲು ಬಿಡುವುದಿಲ್ಲ, ಕೊನೆಗೆ ಹುಲ್ಲೆ ಧೈರ್ಯ ತಾಳಿ ಸಭಾಧ್ಯಕ್ಷನಿಗೆ ಮೊರೆಯಿಡುತ್ತದೆ. ಕೇಳುಗರು ಇದನ್ನು ಸೇನಾಡಳಿತದ ಟೀಕೆಯೆಂದು ಅರ್ಥೈಸಿದರು. ಹಾಡು ಬಾನುಲಿಯಿಂದ ಮರೆಯಾಗಿ, ಸೇನಾಡಳಿತ ಮುಗಿದ ಮೇಲಷ್ಟೇ ಮರಳಿತು.

1969ರ ಚುನಾವಣೆಯಿಂದ ಅಧಿಕಾರಕ್ಕೆ ಬಂದ ಬೂಸಿಯಾ ಸರ್ಕಾರವನ್ನು 1972ರ ಜನವರಿಯಲ್ಲಿ ಸೇನೆ ಕಿತ್ತೊಗೆಯಿತು. ಈ ಬಾರಿಯ ಹೆಸರು 'ರಾಷ್ಟ್ರೀಯ ಉದ್ಧಾರ ಮಂಡಳಿ'. 1979 ಮತ್ತು 1981ರಲ್ಲಿ ಜೆರ್ರಿ ರಾಲಿಂಗ್ಸ್ ನೇತೃತ್ವದ ಕ್ರಾಂತಿಗಳು ನಡೆದವು. ವಿಮೋಚನೆ, ಉದ್ಧಾರ ಮುಂತಾದ ಹೆಸರುಗಳು ಜನಮತವಿಲ್ಲದ ಅಧಿಕಾರವು ಮಾನ್ಯತೆಗಾಗಿ ಪದಗಳನ್ನು ಅರಸಿದ್ದನ್ನು ಸೂಚಿಸುತ್ತವೆ. 1992ರ ಸಂವಿಧಾನದ ಅಡಿಯಲ್ಲಿ, 2001ರ ಜನವರಿಯಲ್ಲಿ, ಆಳುವ ಪಕ್ಷದಿಂದ ವಿರೋಧಪಕ್ಷಕ್ಕೆ ಅಧಿಕಾರ ಶಾಂತಿಯುತವಾಗಿ ಹಸ್ತಾಂತರಗೊಂಡಿತು.

ಘಾನಾದ ಅನುಭವವು ಒಂದು ಅಂಶವನ್ನು ಸ್ಪಷ್ಟಪಡಿಸುತ್ತದೆ: ಪೀಠದಿಂದ ಇಳಿಸುವ ಕ್ರಮ ಜನರ ಕೈಯಲ್ಲಿರುವವರೆಗೆ ಮಾತ್ರ ಪೀಠಕ್ಕೆ ಮಾನ್ಯತೆ. ಚುನಾಯಿತ ನಾಯಕ ಆ ಕ್ರಮವನ್ನು ಮುಚ್ಚಿದಾಗ ಸೇನೆಗೆ ನೆಪ ದೊರೆಯಿತು. ಸೇನೆಯೂ ಹುಲ್ಲೆಯ ಬಾಲವನ್ನು ಬಿಡಲಿಲ್ಲ.