ಕಾಸರಗೋಡಿನಲ್ಲಿ ಶಾಲಾ ಪ್ರವೇಶ: ಕನ್ನಡ ಮಕ್ಕಳ ಹೆತ್ತವರು ತಿಳಿದಿರಬೇಕಾದ ವಿಷಯಗಳು

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಮುಖ್ಯವಾಗಿ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ, ಮಗುವನ್ನು ಒಂದನೇ ತರಗತಿಗೆ ಸೇರಿಸಬೇಕಾದ ಹೆತ್ತವರ ಮುಂದೆ ಹಲವು ದಾರಿಗಳಿವೆ. ಮನೆ ಸಮೀಪದ ಸರಕಾರಿ ಅಥವಾ ಅನುದಾನಿತ ಶಾಲೆಯ ಕನ್ನಡ ಮಾಧ್ಯಮ, ಅದೇ ಶಾಲೆಯ ಇಂಗ್ಲಿಷ್ ಅಥವಾ ಮಲೆಯಾಳ ಡಿವಿಷನ್, ಖಾಸಗಿ ಆಂಗ್ಲ ಮಾಧ್ಯಮ ಶಾಲೆ, ಇಲ್ಲವೇ ಗಡಿ ದಾಟಿ ದಕ್ಷಿಣ ಕನ್ನಡದ ಶಾಲೆ. ಈ ಆಯ್ಕೆ ಮನೆಯೊಳಗಿನ ವಿಚಾರವೆಂದು ತೋರಿದರೂ ಅದರ ಪರಿಣಾಮ ಇಡೀ ಊರಿನ ಶಾಲೆಯ ಮೇಲಾಗುತ್ತದೆ. ಒಂದು ತರಗತಿಗೆ ಎಷ್ಟು ಮಕ್ಕಳು ಸೇರಿದರು ಎಂಬುದರ ಮೇಲೆ ಅಲ್ಲಿ ಕನ್ನಡ ಶಿಕ್ಷಕರ ಹುದ್ದೆ ಉಳಿಯುವುದೋ ಇಲ್ಲವೋ ಎಂಬುದು ನಿರ್ಧಾರವಾಗುತ್ತದೆ.

ಹಿನ್ನೆಲೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಮರುವರ್ಷ ವರದಿ ಸಲ್ಲಿಸಿ, ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವನ್ನು ಕರ್ನಾಟಕಕ್ಕೆ ಸೇರಿಸಬಹುದೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತ ಬದಲಾದರೂ ಬೋರ್ಡು ಶಾಲೆಗಳ ಕಾಲದಿಂದ ಬಂದ ಕನ್ನಡ ಮಾಧ್ಯಮ ಉಳಿಯಿತು. ಕವಿ ಕಯ್ಯಾರ ಕಿಂಞಣ್ಣ ರೈ ಅವರು ಬದಿಯಡ್ಕ ಬಳಿಯ ಪೆರಡಾಲದಲ್ಲಿ ಇಂಥದೇ ಶಾಲೆಯೊಂದರ ಅಧ್ಯಾಪಕರಾಗಿದ್ದರು.

ಇಲ್ಲಿನ ಕನ್ನಡ ತರಗತಿಯಲ್ಲಿ ಕುಳಿತ ಮಕ್ಕಳೆಲ್ಲರ ಮನೆಮಾತು ಕನ್ನಡವಾಗಿರುವುದಿಲ್ಲ. ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ ಹೀಗೆ ಬೇರೆ ಬೇರೆ ನುಡಿಯ ಮಕ್ಕಳಿಗೆ ಕನ್ನಡ ಶಾಲೆಯ ಭಾಷೆಯಾಗಿ ಬಂದಿದೆ. ಆದ್ದರಿಂದ ಕನ್ನಡ ತರಗತಿ ಮುಚ್ಚಿದರೆ ತೊಂದರೆ ಕನ್ನಡ ಮಾತೃಭಾಷೆಯವರಿಗೆ ಮಾತ್ರ ಸೀಮಿತವಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ

1956ರ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯಂತೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಕರ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು. ಈ ರಕ್ಷಣೆಗಳ ಮೇಲ್ವಿಚಾರಣೆಗೆ 350ಬಿ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆ ಇದೆ.

ಸಂಖ್ಯೆಯ ಲೆಕ್ಕ ಇನ್ನೂ ಹಳೆಯದು. ಪ್ರಾಂತಗಳ ಶಿಕ್ಷಣ ಸಚಿವರ 1949ರ ಸಮ್ಮೇಳನವು ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಭಾಷೆಯ ಶಿಕ್ಷಕರನ್ನು ನೇಮಿಸಬೇಕೆಂದು ನಿರ್ಣಯಿಸಿತು. ಪ್ರೌಢ ಹಂತಕ್ಕೆ ಮುಖ್ಯಮಂತ್ರಿಗಳ 1961ರ ಸಮ್ಮೇಳನ ಒಪ್ಪಿದ ಲೆಕ್ಕವೆಂದರೆ ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು 60, ತರಗತಿಗೆ 15 ಮಕ್ಕಳು. ಭಾಷಾ ಅಲ್ಪಸಂಖ್ಯಾತ ಮಕ್ಕಳ ಮುಂಗಡ ನೋಂದಣಿ, ಮಕ್ಕಳು ಕಡಿಮೆಯಿದ್ದಲ್ಲಿ ಹತ್ತಿರದ ಶಾಲೆಗಳ ನಡುವೆ ಹೊಂದಾಣಿಕೆ ಇವೂ ಈ ರಕ್ಷಣೆಗಳಲ್ಲಿ ಸೇರಿವೆ. ಹಲವು ಹೆತ್ತವರಿಗೆ ಈ ಅವಕಾಶಗಳ ಅರಿವಿಲ್ಲ. ಜೂನ್ ತಿಂಗಳಲ್ಲಿ ಶಾಲೆಗೆ ಹೋಗಿ ಕೇಳುವುದಕ್ಕಿಂತ ಮೊದಲೇ ಲಿಖಿತವಾಗಿ ಬೇಡಿಕೆ ಸಲ್ಲಿಸಿದರೆ ಶಾಲೆಗೂ ಲೆಕ್ಕ ಸಿಗುತ್ತದೆ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 29ನೇ ಕಲಮು, ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯೇ ಬೋಧನಾ ಮಾಧ್ಯಮವಾಗಿರಬೇಕು ಎನ್ನುತ್ತದೆ. ಪ್ರವೇಶಕ್ಕೆ ಕ್ಯಾಪಿಟೇಶನ್ ಶುಲ್ಕ ಪಡೆಯುವುದು, ಮಗುವನ್ನು ಅಥವಾ ಹೆತ್ತವರನ್ನು ಪರೀಕ್ಷೆಗೆ ಒಳಪಡಿಸುವುದು 13ನೇ ಕಲಮಿನ ಪ್ರಕಾರ ಶಿಕ್ಷಾರ್ಹ. ಜನನ ಪ್ರಮಾಣಪತ್ರವಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಟಿ.ಸಿ. ತಡವಾಯಿತೆಂಬ ಕಾರಣವೂ ನಡೆಯದು.

ಮಾಧ್ಯಮದ ಆಯ್ಕೆ ಹೆತ್ತವರದು ಎಂಬುದು ಕರ್ನಾಟಕದ ಪ್ರಕರಣವೊಂದರಲ್ಲಿಯೇ ಸ್ಪಷ್ಟವಾಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಸರಕಾರ ಕಡ್ಡಾಯವಾಗಿ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ತೀರ್ಪಿತ್ತಿತು. ಆದರೆ ಗಡಿನಾಡಿನ ಹೆತ್ತವರ ಚಿಂತೆಯೇ ಬೇರೆ. ಕನ್ನಡವನ್ನು ಆರಿಸಿಕೊಂಡವರಿಗೆ ಅದು ನಿಜವಾಗಿ ಸಿಗುತ್ತದೆಯೇ ಎಂಬುದೇ ಇಲ್ಲಿನ ಪ್ರಶ್ನೆ.

ಆರನೇ ದಿನದ ಲೆಕ್ಕ

ಕೇರಳದಲ್ಲಿ ಶಾಲೆ ಜೂನ್ ಆರಂಭದಲ್ಲಿ ಪ್ರವೇಶೋತ್ಸವದೊಂದಿಗೆ ತೆರೆಯುತ್ತದೆ. ಆರನೇ ಕೆಲಸದ ದಿನದಂದು ಹಾಜರಿರುವ ಮಕ್ಕಳ ಲೆಕ್ಕ ತೆಗೆದು, ಅದರ ಆಧಾರದಲ್ಲಿ ಆ ವರ್ಷದ ಡಿವಿಷನ್ ಮತ್ತು ಶಿಕ್ಷಕರ ಹುದ್ದೆಗಳನ್ನು ನಿಗದಿಪಡಿಸುತ್ತಾರೆ. ಆ ದಿನದ ಅನಂತರ ಸೇರಿದ ಮಗುವಿಗೆ ಪಾಠ ಸಿಗುತ್ತದೆ, ಹುದ್ದೆಯ ಲೆಕ್ಕಕ್ಕೆ ಅದು ನೆರವಾಗುವುದಿಲ್ಲ. ತರಗತಿಗೆ ಸರಾಸರಿ 15 ಮಕ್ಕಳಿಲ್ಲದ ಶಾಲೆಗಳನ್ನು ಸರಕಾರಿ ದಾಖಲೆಗಳಲ್ಲಿ ಲಾಭಕರವಲ್ಲದ ಶಾಲೆಗಳೆಂದು ಗುರುತಿಸಲಾಗುತ್ತದೆ.

ಕನ್ನಡ ಶಾಲೆಗಳ ಕಷ್ಟ ಇಲ್ಲಿಂದ ಸುತ್ತಿಕೊಳ್ಳುತ್ತದೆ. ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ. ಹುದ್ದೆ ಹೋದರೆ ದಿನವೇತನದ ಶಿಕ್ಷಕರು ಬರುತ್ತಾರೆ, ಅಥವಾ ಒಬ್ಬರೇ ಎರಡು ತರಗತಿ ನೋಡಿಕೊಳ್ಳುತ್ತಾರೆ. ಅದನ್ನು ಕಂಡ ಹೆತ್ತವರು ಮರುವರ್ಷ ಬೇರೆ ಶಾಲೆ ಹುಡುಕುತ್ತಾರೆ. ಮಕ್ಕಳು ಮತ್ತೂ ಕಡಿಮೆಯಾಗುತ್ತಾರೆ. ಒಮ್ಮೆ ರದ್ದಾದ ಡಿವಿಷನನ್ನು ಮರಳಿ ಪಡೆಯುವುದು ಇದ್ದುದನ್ನು ಉಳಿಸುವುದಕ್ಕಿಂತ ಎಷ್ಟೋ ಕಷ್ಟ.

ಶಿಕ್ಷಕರಿಗೆ ಕನ್ನಡ ಗೊತ್ತಿದೆಯೇ?

ಸರಕಾರಿ ಶಾಲೆಗಳಿಗೆ ಶಿಕ್ಷಕರು ಕೇರಳ ಲೋಕಸೇವಾ ಆಯೋಗದ ಮೂಲಕ ಬರುತ್ತಾರೆ. ಅನುದಾನಿತ ಶಾಲೆಗಳಲ್ಲಿ ವ್ಯವಸ್ಥಾಪಕರು ನೇಮಿಸುತ್ತಾರೆ, ಸರಕಾರ ವೇತನ ನೀಡುತ್ತದೆ. ಕನ್ನಡ ಮಾಧ್ಯಮದ ಹುದ್ದೆಗಳಿಗೆ ಆಯೋಗ ಪ್ರತ್ಯೇಕ ಅಧಿಸೂಚನೆ ಹೊರಡಿಸುತ್ತದೆ. ಹೀಗಿದ್ದರೂ ಕನ್ನಡ ಮಾಧ್ಯಮದ ಹೈಸ್ಕೂಲು ತರಗತಿಗಳಿಗೆ ಕನ್ನಡ ಬಾರದವರು ಗಣಿತ, ಸಮಾಜ ವಿಜ್ಞಾನದಂಥ ವಿಷಯಗಳ ಶಿಕ್ಷಕರಾಗಿ ಬಂದ ಪ್ರಸಂಗಗಳು ನಡೆದಿವೆ. ಜಿಲ್ಲೆಯಲ್ಲಿ ಮಕ್ಕಳು ತರಗತಿ ಬಹಿಷ್ಕರಿಸಿದ್ದೂ, ರಕ್ಷಕರು ನ್ಯಾಯಾಲಯದ ಮೊರೆ ಹೋದದ್ದೂ ಈ ಕಾರಣಕ್ಕೇ.

ಪಠ್ಯಪುಸ್ತಕ ಕನ್ನಡದಲ್ಲಿದ್ದು ವಿವರಣೆ ಮಲೆಯಾಳದಲ್ಲಿ ನಡೆದರೆ, ಬಡವರ ಮನೆಯ, ಮಲೆಯಾಳದ ಪರಿಚಯವಿಲ್ಲದ ಮಗು ಮೊದಲು ಹಿಂದೆ ಬೀಳುತ್ತದೆ. ಟ್ಯೂಷನ್ ಕೊಡಿಸಬಲ್ಲವರು ಹೇಗೋ ದಾಟಿಕೊಳ್ಳುತ್ತಾರೆ. ಮಾಯಿಪ್ಪಾಡಿಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಹಾಗೂ ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗದಲ್ಲಿ ಕಲಿತವರು ಜಿಲ್ಲೆಯಲ್ಲಿಯೇ ಇರುವುದರಿಂದ, ಕನ್ನಡ ಬಲ್ಲ ಅಭ್ಯರ್ಥಿಗಳೇ ಇಲ್ಲ ಎಂಬ ಮಾತನ್ನು ರಕ್ಷಕರು ಒಪ್ಪುವುದಿಲ್ಲ.

ಮಾಧ್ಯಮ ಬೇರೆ, ಪ್ರಥಮ ಭಾಷೆ ಬೇರೆ

ಪ್ರವೇಶದ ಸಮಯದಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿ. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ ಎರಡು ಪತ್ರಿಕೆಗಳಿವೆ. ಕನ್ನಡವನ್ನು ಎರಡರಲ್ಲಿಯೂ ಆರಿಸಿಕೊಳ್ಳಬಹುದು. ಅದರ ಜತೆ ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ಮತ್ತು ಮಾಹಿತಿ ತಂತ್ರಜ್ಞಾನ ಸೇರಿ ಒಟ್ಟು 10 ವಿಷಯಗಳು. ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರುತ್ತದೆ. ರಾಜ್ಯದ ಪಠ್ಯಪುಸ್ತಕಗಳೂ ಕನ್ನಡದಲ್ಲಿ ಪ್ರಕಟವಾಗುತ್ತವೆ.

ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಕನ್ನಡ ಬಿಡಲೇಬೇಕೆಂದೇನಿಲ್ಲ. ಕನ್ನಡ ಶಿಕ್ಷಕರಿರುವ ಶಾಲೆಯಲ್ಲಿ ವಿಜ್ಞಾನ, ಗಣಿತ ಇಂಗ್ಲಿಷಿನಲ್ಲಿ ಓದಿ, ಪ್ರಥಮ ಭಾಷೆಯಾಗಿ ಕನ್ನಡ ಉಳಿಸಿಕೊಳ್ಳಲು ಸಾಧ್ಯ. ಆದರೆ ಸೇರಿಸುವಾಗಲೇ ಇದನ್ನು ಅರ್ಜಿಯಲ್ಲಿ ಬರೆಸಬೇಕು. ಇಂಗ್ಲಿಷ್ ಡಿವಿಷನ್ ಎಂದು ಸೇರಿಸಿದ ಮೇಲೆ ಅಲ್ಲಿನ ಪ್ರಥಮ ಭಾಷೆ ಮಲೆಯಾಳ ಮಾತ್ರ ಎಂದು ತಿಳಿದು ಪೇಚಾಡುವವರಿದ್ದಾರೆ. ಇಂಗ್ಲಿಷ್ ಪಾಠವನ್ನು ಶಿಕ್ಷಕರು ಯಾವ ಭಾಷೆಯಲ್ಲಿ ವಿವರಿಸುತ್ತಾರೆ ಎಂಬುದನ್ನೂ ಕೇಳಿ ತಿಳಿಯುವುದು ಒಳ್ಳೆಯದು.

2017ರಲ್ಲಿ ಕೇರಳ ಸರಕಾರ ಹತ್ತನೇ ತರಗತಿವರೆಗೆ ಮಲೆಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆ ತಂದಾಗ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಮಲೆಯಾಳ ಕಲಿಯುವುದಕ್ಕೆ ಹೆಚ್ಚಿನವರ ಆಕ್ಷೇಪವಿರಲಿಲ್ಲ. ವ್ಯವಹಾರಕ್ಕೆ, ರಾಜ್ಯದ ಉದ್ಯೋಗಕ್ಕೆ ಅದು ಬೇಕೆಂದು ಅವರೂ ಬಲ್ಲರು. ಕನ್ನಡದ ಎರಡು ಪತ್ರಿಕೆಗಳಲ್ಲಿ ಒಂದರ ಜಾಗಕ್ಕೆ ಅದು ಬಂದು ಕೂತರೆ ಎಂಬುದೇ ಅವರ ಅಳುಕಾಗಿತ್ತು.

ಗಡಿ ದಾಟುವ ಮುನ್ನ

ತಲಪಾಡಿ ದಾಟಿ ಮಂಗಳೂರಿಗೆ, ಎಣ್ಮಕಜೆ ಕಡೆಯಿಂದ ವಿಟ್ಲ, ಪುತ್ತೂರಿಗೆ ಮಕ್ಕಳನ್ನು ಕಳಿಸುವವರು ಕೆಲವು ವ್ಯತ್ಯಾಸಗಳನ್ನು ಗಮನಿಸಬೇಕು. ಕೇರಳದಲ್ಲಿ 5 ವರ್ಷ ತುಂಬಿದ ಮಕ್ಕಳನ್ನು ಒಂದನೇ ತರಗತಿಗೆ ಸೇರಿಸುವುದು ಬಹುಕಾಲದ ರೂಢಿ. ಇದನ್ನು 2026-27ರಿಂದ 6ಕ್ಕೆ ಏರಿಸಲಾಗುವುದೆಂದು ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ 2025ರಲ್ಲಿ ಹೇಳಿದ್ದರು. ಕರ್ನಾಟಕದಲ್ಲಿ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮ ಬಂದು, 2025-26ರ ಒಂದು ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ಸೇರಿಸುವ ವರ್ಷದ ಆದೇಶವನ್ನು ಶಾಲೆಯಲ್ಲಿ ಕೇಳಿಯೇ ಮುಂದುವರಿಯಬೇಕು.

ಪರೀಕ್ಷಾ ಕ್ರಮವೂ ಬೇರೆ. ಕೇರಳದಲ್ಲಿ ವಿಜ್ಞಾನಕ್ಕೆ ಮೂರು ಪತ್ರಿಕೆ, ಫಲಿತಾಂಶ ಗ್ರೇಡ್‌ನಲ್ಲಿ. ಕರ್ನಾಟಕದಲ್ಲಿ ಒಟ್ಟು 6 ವಿಷಯ, 625 ಅಂಕ. ಇನ್ನೊಂದು ತೊಡಕು 2020ರ ಮಾರ್ಚಿನಲ್ಲಿ ಅನುಭವಕ್ಕೆ ಬಂತು. ಕೊರೋನಾ ಕಾಲದಲ್ಲಿ ಕರ್ನಾಟಕ ಗಡಿ ರಸ್ತೆಗಳನ್ನು ಮುಚ್ಚಿದಾಗ ದಿನನಿತ್ಯ ಓಡಾಡುತ್ತಿದ್ದವರೆಲ್ಲ ಈಚೆಯೇ ಉಳಿಯಬೇಕಾಯಿತು.

ಇಲ್ಲೇ ಓದಿದರೆ ಮುಂದೆ ಕರ್ನಾಟಕದ ಬಾಗಿಲು ಮುಚ್ಚುತ್ತದೆಂಬ ಭಯ ಬೇಡ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ಕಲಮು ಇದೆ. ಅದಕ್ಕೆ ನಿಗದಿತ ವರ್ಷಗಳ ವ್ಯಾಸಂಗ ಪ್ರಮಾಣಪತ್ರ, ಮಾತೃಭಾಷೆಯ ದಾಖಲೆ ಬೇಕು, ಕನ್ನಡ ಭಾಷಾ ಪರೀಕ್ಷೆ ಇರುತ್ತದೆ. ಕನ್ನಡ ಓದಿ ಬರೆಯಲು ಬಾರದೆ ಬೆಳೆದ ಮಗುವಿಗೆ ಈ ಅವಕಾಶ ಅಲ್ಲಿಯೇ ಕೈತಪ್ಪುತ್ತದೆ.

ದೂರು, ಮನವಿ ಹೇಗೆ?

ಮೊದಲು ಮುಖ್ಯೋಪಾಧ್ಯಾಯರಿಗೆ ಮತ್ತು ರಕ್ಷಕ-ಶಿಕ್ಷಕ ಸಂಘಕ್ಕೆ ಲಿಖಿತ ಮನವಿ ಕೊಡಬೇಕು. ಅಲ್ಲಿ ಬಗೆಹರಿಯದಿದ್ದರೆ ಮಂಜೇಶ್ವರ, ಕುಂಬಳೆ ಅಥವಾ ಕಾಸರಗೋಡು ಉಪಜಿಲ್ಲಾ ಶಿಕ್ಷಣಾಧಿಕಾರಿ (ಎಇಒ), ಹೈಸ್ಕೂಲಿಗೆ ಜಿಲ್ಲಾ ಶಿಕ್ಷಣಾಧಿಕಾರಿ (ಡಿಇಒ), ಅನಂತರ ಶಿಕ್ಷಣ ಉಪನಿರ್ದೇಶಕರು. ಮನವಿಯನ್ನು ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಕೇಳಬಹುದು.

ಹೆತ್ತವರು ಪ್ರವೇಶಕ್ಕೆ ಮುಂಚೆ ಕೇಳಬೇಕಾದುದು ಇಷ್ಟು: ಒಂದನೇ ತರಗತಿಯ ಕನ್ನಡ ಡಿವಿಷನ್‌ನಲ್ಲಿ ಕಳೆದ ವರ್ಷ ಎಷ್ಟು ಮಕ್ಕಳಿದ್ದರು? ಶಿಕ್ಷಕರು ಖಾಯಂ ಹುದ್ದೆಯವರೇ, ದಿನವೇತನದವರೇ? ಪ್ರಥಮ ಭಾಷೆಯಾಗಿ ಕನ್ನಡ ಹತ್ತನೇ ತರಗತಿವರೆಗೆ ಇದೆಯೇ? ನಾಲ್ಕನೇ ಅಥವಾ ಏಳನೇ ತರಗತಿಗೆ ಶಾಲೆ ಮುಗಿದರೆ ಮುಂದೆ ಕನ್ನಡ ಮಾಧ್ಯಮವಿರುವ ಹತ್ತಿರದ ಶಾಲೆ ಯಾವುದು, ಅಲ್ಲಿಗೆ ಬಸ್ ಸೌಕರ್ಯವಿದೆಯೇ?

ಕನ್ನಡ ಮಾಧ್ಯಮಕ್ಕೆಂದು ನಿರ್ಧರಿಸಿದವರು ಅಕ್ಕಪಕ್ಕದ ಮನೆಯವರೊಂದಿಗೆ ಮೇ ತಿಂಗಳಲ್ಲಿಯೇ ಮಾತಾಡಿಕೊಂಡು, ಶಾಲೆ ತೆರೆದ ಮೊದಲ ದಿನವೇ ಮಕ್ಕಳನ್ನು ಹಾಜರುಪಡಿಸುವುದು ಲೇಸು. ಆರನೇ ದಿನದ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಿದ್ದರೂ ಒಂದು ಹುದ್ದೆ ಉಳಿದೀತು.