ನಂದಿ ಬೆಟ್ಟದ ವೈನು, ನಮ್ಮ ಕೇರಿಯ ಸಾರಾಯಿ



ಚನ್ನಗಿರಿಯಲ್ಲಿ ಸಭೆ ಮುಗಿಸಿ ಟೀ ಕುಡೀತಿದ್ದಾಗ ನ್ಯಾಮತಿಯ ಹುಡುಗನೊಬ್ಬ ಕೇಳಿದ: "ಅಣ್ಣಾ, ನಂದಿ ಬೆಟ್ಟದ ಹತ್ರ ವೈನ್ ತೋಟ ನೋಡೋಕೆ ದುಡ್ಡು ಕೊಟ್ಟು ಹೋಗ್ತಾರಂತಲ್ಲ?" ಎಲ್ಲರೂ ನಕ್ಕರು. ಆದ್ರೆ ಆ ತೋಟದ ಇತಿಹಾಸ ನಾವೂ ತಿಳಿಯಬೇಕಾದ್ದು.

ದೊಡ್ಡಬಳ್ಳಾಪುರದ ಕಡೆ, ಬೆಟ್ಟದ ತಪ್ಪಲಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಶುರುವಾಗಿದ್ದು 1988ರಲ್ಲಿ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ವ್ಯಾಪಾರಕ್ಕೆ ಫ್ರಾನ್ಸಿಗೆ ಹೋಗಿ ಬಂದು ವೈನಿನ ರುಚಿ ಹತ್ತಿಸಿಕೊಂಡವರು. ಷಾಂಪೇನ್ ತಯಾರಿಕೆಯ ಜಾರ್ಜ್ ವೆಸೆಲ್ ಜೊತೆ ಸೇರಿ ಫ್ರೆಂಚ್ ತಳಿಗಳನ್ನು ಇಲ್ಲಿ ನೆಟ್ಟು ನೋಡಿದರು. ಆಮೇಲೆ ಮಿಷೆಲ್ ರೋಲಾಂಡ್ ಸಲಹೆಗಾರರಾಗಿ ಬಂದರು. 2012ರಲ್ಲಿ ನಾಸಿಕ್‌ನ ಕಂಪನಿಯೊಂದರ ಜೊತೆ ಸೇರಿ ಗ್ರೋವರ್ ಜಂಪಾ ಆಯ್ತು. ಆ ಸೀಮೆಗೆ ದ್ರಾಕ್ಷಿ ಹೊಸದೇನಲ್ಲ, ಬೆಂಗಳೂರು ನೀಲಿ ದ್ರಾಕ್ಷಿಯನ್ನ ಅಲ್ಲಿನ ರೈತರು ಮೊದಲಿಂದ ಬೆಳೀತಿದ್ರು.

ಫ್ರಾನ್ಸಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತೆ. ಇಲ್ಲಿ ಅದು ಮಲಗೋದಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಿ ಒಂದು ಫಸಲು ತೆಗೀಬೇಕು. ವೆಸೆಲ್, ರೋಲಾಂಡ್ ಹೆಸರು ಎಲ್ಲ ಬರಹಗಳಲ್ಲೂ ಸಿಗುತ್ತೆ. ಕತ್ತರಿ ಹಿಡಿದ ಕೂಲಿಯವರ ಹೆಸರು ನನಗೆ ಒಂದರಲ್ಲೂ ಕಾಣಲಿಲ್ಲ.

ಈಗ 2007ಕ್ಕೆ ಬನ್ನಿ. ಆ ವರ್ಷ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ರೈತರ ಬೆಳೆಗೆ ಮಾರುಕಟ್ಟೆ ಅಂತ ಹೇಳಿ ತೆರಿಗೆ, ಲೈಸೆನ್ಸಿನಲ್ಲಿ ರಿಯಾಯಿತಿ ಕೊಟ್ಟಿತು, ಬೋರ್ಡೂ ಮಾಡಿತು. ಅದೇ ವರ್ಷ ಜುಲೈ 1ರಿಂದ ಸಾರಾಯಿ ನಿಷೇಧ. ಒಂದು ಕುಡಿತ ತೋಟಗಾರಿಕೆ ಆಯ್ತು, ಇನ್ನೊಂದು ಅಪರಾಧ ಆಯ್ತು.

ತಪ್ಪು ತಿಳೀಬೇಡಿ, ನಾನು ಸಾರಾಯಿ ಪರ ಅಲ್ಲ. ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ದಸಂಸ ಕೂಗಿದ್ದನ್ನ ಕೇಳಿಯೇ ಬೆಳೆದವನು. ನಮ್ಮಪ್ಪನ ಕೂಲಿಯಲ್ಲಿ ಅರ್ಧ ಪ್ಯಾಕೆಟ್ಟಿಗೇ ಹೋಗ್ತಿತ್ತು. ದ್ರಾಕ್ಷಿ ರೈತರಿಗೆ ಅನುಕೂಲ ಆಗಿದ್ರೆ ಅದೂ ಒಳ್ಳೇದೇ. ಆದ್ರೆ ವೈನಿಗೆ ಅಷ್ಟೊಂದು ಯೋಚನೆ ಮಾಡಿದ ಸರ್ಕಾರ, ಸಾರಾಯಿ ಬಿಡಿಸಿದ ಕೇರಿಗಳ ಬಗ್ಗೆ ಅದರ ಕಾಲು ಭಾಗ ಯೋಚಿಸ್ತಾ? ಚಟ ಬಿಡಿಸೋ ಕೇಂದ್ರ ಜಗಳೂರಿನಂಥ ಬರದ ತಾಲ್ಲೂಕಿನ ಕೂಲಿಕಾರನ ಕೈಗೆ ಎಟುಕೋ ಹಾಗೆ ಬಂತಾ?

ಜುಲೈ 1ರ ಸಂಜೆ ನಮ್ಮವ್ವ ಪಾಯಸ ಮಾಡಿದ್ಲು. ತಿಂಗಳು ತುಂಬೋದ್ರೊಳಗೆ ಅಪ್ಪ ಅಗ್ಗದ ವಿಸ್ಕಿ ಕ್ವಾರ್ಟರ್ ಹಿಡಿದು ಮನೆಗೆ ಬಂದ. ಅದು ಪ್ಯಾಕೆಟ್ಟಿಗಿಂತ ದುಬಾರಿ, ಲೈಸೆನ್ಸ್ ಇದ್ದ ಅಂಗಡೀದು.